ಗ್ರಾಫಿಗೆ ಮೇಕಪ್ ಮಾಡಿದ್ದೇನೆ ಅಂದವಳು

ಥೀಸಿಸ್ ಕೊಡುವ ಕಾಲ ಬಂತೆಂದರೆ ಆಪ್ತಸಲಹೆಗೆ ನನ್ನ ಹತ್ತಿರ ಇಂಥ ಮಕ್ಕಳು ಬರುವುದು ಜಾಸ್ತಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗಿ ಶಿರಸಿ ಕಡೆಯವಳು. ಕಾರವಾರದಲ್ಲಿ ಸಂಶೋಧನೆ. ಕಡಲತೀರದ ಮರಳಲ್ಲಿ ಸಿಗುವ ಪ್ಲಾಸ್ಟಿಕ್ ಚೂರುಗಳನ್ನು ಇನ್‌ಫ್ರಾರೆಡ್ ಸ್ಪೆಕ್ಟ್ರಮ್ (ವಸ್ತು ಯಾವ ಅಲೆಯ ಬೆಳಕನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ಗ್ರಾಫ್) ನೋಡಿ ಗುರುತಿಸುವ ಕೆಲಸ. ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಗೈಡ್ ಫೋನ್ ಬಂದರೆ ಕೈ ನಡುಗುತ್ತದೆ. ಮನೆಯ ವಿಷಯ, ಮದುವೆ ಮಾತು ಎಲ್ಲ ಕೇಳಿ ನೋಡಿದೆ. ಅಲ್ಲಿ ಅಂಥದ್ದೇನೂ ಇರಲಿಲ್ಲ.

ಎರಡನೇ ಸಲ ಬಂದಾಗ ಬಾಯಿಬಿಟ್ಟಳು. "ಮೇಡಂ, ನಾನು ಗ್ರಾಫಿಗೆ ಮೇಕಪ್ ಮಾಡಿದ್ದೇನೆ. ಇದು ಕಳ್ಳತನ ಅಲ್ವಾ?" ಗೆರೆ ನೀಟಾಗಿರಲಿ ಎಂದು ಗೈಡ್ ಹೇಳಿದ್ದರಂತೆ. ಇವಳು ಸಾಫ್ಟ್‌ವೇರಿನಲ್ಲಿ ಸ್ಮೂಥಿಂಗ್, ಅಂದರೆ ಗೆರೆಯ ನಡುಕ ನಯ ಮಾಡುವುದು, ಕೊಟ್ಟಿದ್ದಳು. ಸಾಲದೆಂದು ಮತ್ತೆ ಕೊಟ್ಟಿದ್ದಳು.

"ಸುಮ್ನೆ ತಲೆಬಿಸಿ ಮಾಡ್ಕೋಬೇಡ" ಎಂದು ಕಳಿಸಬಹುದಿತ್ತು. ನಾನು ಲ್ಯಾಪ್‌ಟಾಪ್ ತೆಗೆ ಅಂದೆ. ಈ ಕೆಲಸಕ್ಕೆ ಬರುವ ಮೊದಲು ಕೆಮಿಸ್ಟ್ರಿ ಓದಿದವಳು ನಾನು.

ಪಾಲಿಥೀನಿನ ಗ್ರಾಫಿನಲ್ಲಿ 720 ಮತ್ತು 730ರ (ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಅಳತೆ) ಹತ್ತಿರ ಜೋಡಿ ಪೀಕ್, ಅಂದರೆ ಪಕ್ಕಪಕ್ಕ ಎರಡು ಶಿಖರ, ಇರುತ್ತದೆ. ಮೂಲ ಫೈಲಿನಲ್ಲಿ ನಾಯ್ಸ್ (ಅಳತೆಯಲ್ಲಿ ಸೇರುವ ಅಡ್ಡಾದಿಡ್ಡಿ ನಡುಕ) ಇದ್ದರೂ ಎರಡೂ ಕಾಣುತ್ತಿದ್ದವು. ಸಾವಿಟ್ಸ್ಕಿ-ಗೋಲೇ ಎಂಬ ಸ್ಮೂಥಿಂಗ್ ವಿಧಾನದಲ್ಲಿ ವಿಂಡೋ, ಅಂದರೆ ಒಂದು ಸಲಕ್ಕೆ ವಕ್ರರೇಖೆ ಕೂರಿಸುವ ಬಿಂದುಗಳ ಸಂಖ್ಯೆ, 5 ಹಾಕು ಅಂದೆ. ಗೆರೆಯ ನಡುಕ ಸ್ವಲ್ಪ ತಗ್ಗಿತು, ಜೋಡಿ ಉಳಿಯಿತು. ಈಗ 25 ಹಾಕು ಅಂದೆ. ಎರಡು ಹೋಗಿ ಒಂದೇ ಗುಡ್ಡ ಆಯಿತು. ಅವಳ ಡೇಟಾದಲ್ಲಿ ಆ ಎರಡು ಪೀಕ್‌ಗಳ ನಡುವೆ ಐದಾರು ಬಿಂದುಗಳಷ್ಟೇ ಜಾಗ. 25 ಬಿಂದುಗಳಿಗೆ ಒಂದೇ ವಕ್ರರೇಖೆ ಕೂರಿಸಹೋದರೆ ಇನ್ನೇನಾಗುತ್ತದೆ?

ತುಂಬಾ ಹೊತ್ತು ಪರದೆ ನೋಡಿದಳು. "ಹಾಗಾದ್ರೆ 5 ಹಾಕಿದ್ದು ತಪ್ಪೇನಲ್ಲ ಅಲ್ವಾ, ಮೇಡಂ?"

ಅಲ್ಲ. 1964ರಿಂದ ಎಲ್ಲರೆದುರೇ ನಡೆದುಬಂದ ವಿಧಾನ ಅದು. ಎಲ್ಲ ಸ್ಮೂಥಿಂಗೂ ಮೋಸ ಎಂದುಕೊಂಡಿದ್ದಳು. ಹಾಗಾಗಿ ಯಾವುದು ಸರಿ, ಯಾವುದು ಅತಿ ಎಂದು ಯಾರನ್ನೂ ಕೇಳಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಮೂಲ ಫೈಲ್ ಮುಟ್ಟಬೇಡ. ಪೀಕ್ ಎತ್ತರ, ವಿಸ್ತೀರ್ಣ ಮೂಲದಲ್ಲೇ ಅಳೆ. ಪೀಕ್ ಫಿಟ್ ಮಾಡುವುದೂ (ಶಿಖರಕ್ಕೆ ಸೂತ್ರದ ವಕ್ರರೇಖೆ ಹೊಂದಿಸುವುದೂ) ಅದರ ಮೇಲೇ, ನಯ ಮಾಡಿದ ಡೇಟಾಕ್ಕೆ ಫಿಟ್ ಮಾಡಿದರೆ ದೋಷ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಚಿತ್ರದ ಕೆಳಗೆ ವಿಧಾನ, ವಿಂಡೋ, ಪಾಲಿನಾಮಿಯಲ್ ಆರ್ಡರ್ (ಕೂರಿಸಿದ ವಕ್ರರೇಖೆಯ ಘಾತ) ಬರೆ. ಗೈಡ್ ಹತ್ತಿರ ಮೊದಲು ಕೇಳಬೇಕಾದದ್ದು ಇನ್ನಷ್ಟು ಸ್ಕ್ಯಾನ್ ತೆಗೆಯಲು ಉಪಕರಣದ ಸಮಯ. 16ರ ಬದಲು 64 ಸ್ಕ್ಯಾನ್ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ, ಪೀಕ್ ಅಗಲವಾಗುವುದಿಲ್ಲ.

ಇದು ಆಪ್ತಸಲಹೆಯಾ, ಟ್ಯೂಷನ್ನಾ ಎಂದು ಜೊತೆಗಾರರೊಬ್ಬರು ಕೇಳಿದರು. ಉಸಿರಾಟದ ಅಭ್ಯಾಸ ನಾನೂ ಕಲಿಸುತ್ತೇನೆ. ಆದರೆ ಅಳುಕು ಒಂದು ಕೆಲಸದಿಂದ ಬಂದಿದ್ದರೆ ಆ ಕೆಲಸವನ್ನೇ ತೆರೆದು ನೋಡಬೇಕು. ವಿಷಯ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಕಳಿಸಬೇಕು. ಅರ್ಧ ಗಂಟೆಯಲ್ಲಿ ಮುಗಿಯುವ ಅನುಮಾನಕ್ಕೆ ತಿಂಗಳುಗಟ್ಟಲೆ ಸಾಂತ್ವನ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಗೈಡ್ ಮೊದಲು ಗೊಣಗಿದರಂತೆ, ಆಮೇಲೆ ಸ್ಕ್ಯಾನಿಗೆ ಒಪ್ಪಿದರಂತೆ. ಅವಳ ಹಳೆಯ ಸಂಶೋಧನಾ ಪೋಸ್ಟರಿನಲ್ಲಿ ಆ ಒಂಟಿ ಗುಡ್ಡ ಇನ್ನೂ ಇದೆ. ಅದನ್ನು ಅವರಿಗೆ ಹೇಳುವುದು ಬಾಕಿ. ಹೇಗೆ ಹೇಳಲಿ ಎಂದು ಮುಂದಿನ ವಾರ ಬರುತ್ತಾಳೆ.