ಬಳ್ಳಾರಿಯಲ್ಲಿ ಅಪ್ಪ-ಅಮ್ಮನನ್ನು ಥಾಯ್-ಬರ್ಮಾ ಊಟಕ್ಕೆ ಕರೆದುಕೊಂಡು ಹೋದರೆ ಏನು ಆರ್ಡರ್ ಮಾಡುವುದು?

ಥಾಯ್, ಬರ್ಮಾ, ವಿಯೆಟ್ನಾಂ, ಇಂಡೊನೇಷ್ಯಾ ಅಡುಗೆಗಳನ್ನೆಲ್ಲ ಬೆರೆಸಿ ಕೊಡುವ ಹೋಟೆಲಿಗೆ ಅಪ್ಪ-ಅಮ್ಮನನ್ನು ಕರೆದೊಯ್ಯಬೇಕು, ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಅಪ್ಪನಿಗೆ ಅನ್ನ ಬೇಕೇ ಬೇಕು, ಏನು ತರಿಸಲಿ ಎಂದು ಕೇಳಿದ್ದೀರಿ. ಹೋದ ಬೇಸಿಗೆಯಲ್ಲಿ ನಾನೂ ನಮ್ಮ ಅಪ್ಪ, ಅವ್ವನನ್ನು ಬಳ್ಳಾರಿಯಲ್ಲೇ ಎರಡು ಸಲ ಇಂಥ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಮೊದಲನೆಯ ಸಲ ಕೆಟ್ಟಿತು. ಎರಡನೆಯ ಸಲ ಬಹಳ ಚೆನ್ನಾಗಿ ಆಯಿತು. ಎರಡನ್ನೂ ಹೇಳುತ್ತೇನೆ.

ನಾನು ತೋರಣಗಲ್ಲಿನಲ್ಲಿ ಕೆಲಸ ಮಾಡುವವನು. ಜೊತೆಯವರೊಂದಿಗೆ ಇಂಥ ಊಟ ನನಗೆ ರೂಢಿ. ಮೊದಲನೆಯ ಸಲ ಮೆನುವಿನಲ್ಲಿ ಹಸಿರು ಚುಕ್ಕಿ ನೋಡಿ ಥಾಯ್ ಗ್ರೀನ್ ಕರಿ ಹೇಳಿದೆ. ಅವ್ವ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು. "ಏನೋ ವಾಸನಿ ಐತಲ್ಲಪ್ಪ" ಎಂದಳು. ಅಡುಗೆಮನೆಯವರನ್ನು ಕರೆಸಿ ಕೇಳಿದೆ. ಹಾಕಿದ್ದು ತರಕಾರಿಯೇ. ಆದರೆ ಮಸಾಲೆ ತಂದಿದ್ದ ಡಬ್ಬಿಯದು, ಅದರಲ್ಲಿ ಸೀಗಡಿ ರುಬ್ಬಿ ಸೇರಿಸಿತ್ತು. ಅವ್ವ ಬೈಯಲಿಲ್ಲ. ಎದ್ದು ಹೋಗಿ ಬಾಯಿ ತೊಳೆದು ಬಂದು ಸುಮ್ಮನೆ ಕುಳಿತಳು. ಆ ಮುಖ ನನಗೆ ಈಗಲೂ ಮರೆತಿಲ್ಲ. ನಿಮಗೆ ಹಾಗಾಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ಹಿಂದಿನ ದಿನವೇ ಫೋನ್ ಮಾಡಿ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮಾಡಿದರೆ ಅಡುಗೆಯವರೇ ಮಾತಿಗೆ ಸಿಗುತ್ತಾರೆ. "ವೆಜ್ ಇದೆಯಾ?" ಎಂದು ಕೇಳಬೇಡಿ, ಎಲ್ಲರೂ ಇದೆ ಎನ್ನುತ್ತಾರೆ. ನಾಲ್ಕು ಪದಾರ್ಥಗಳ ಹೆಸರು ಹಿಡಿದು ಕೇಳಿ: ಫಿಶ್ ಸಾಸ್, ಸೀಗಡಿ ಪೇಸ್ಟ್, ಆಯ್ಸ್ಟರ್ ಸಾಸ್, ಮೊಟ್ಟೆ. ಫಿಶ್ ಸಾಸ್ ಎಂದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸ. ಥಾಯ್ಲೆಂಡ್, ವಿಯೆಟ್ನಾಂನಲ್ಲಿ ಉಪ್ಪಿನ ಜಾಗದಲ್ಲಿ ಅದೇ ಬೀಳುತ್ತದೆ. ಸೀಗಡಿ ಪೇಸ್ಟ್ ಕರಿ ಮಸಾಲೆಯ ಒಳಗೇ ಅಡಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಶೇಂಗಾ ಸಾಸಿನಲ್ಲೂ ಒಮ್ಮೊಮ್ಮೆ ಇರುತ್ತದೆ. ಆಯ್ಸ್ಟರ್ ಸಾಸ್ ಚಿಪ್ಪುಜೀವಿಯಿಂದ ಮಾಡಿದ್ದು, ಹುರಿದ ತರಕಾರಿಗೆ ಹಾಕುತ್ತಾರೆ. ಮೊಟ್ಟೆ ಪ್ಯಾಡ್ ಥಾಯ್ ಎಂಬ ಹುರಿದ ನೂಡಲ್ಸ್, ನಾಸಿ ಗೊರೆಂಗ್ ಎಂಬ ಇಂಡೊನೇಷ್ಯಾದ ಹುರಿದ ಅನ್ನ ಎರಡರಲ್ಲೂ ಬರುತ್ತದೆ. ಇವು ನಾಲ್ಕೂ ಇಲ್ಲದೆ, ಬೇರೆ ಬಾಣಲೆಯಲ್ಲಿ ಮಾಡಿಕೊಡುತ್ತೀರಾ ಎಂದು ಕೇಳಿ. ಉತ್ತರ ತಡವರಿಸಿದರೆ ಆ ಹೋಟೆಲ್ ಬಿಟ್ಟುಬಿಡಿ.

ಹೀಗೆ ಕೇಳಲು ಸಂಕೋಚ ಬೇಡ. ಆ ದೇಶಗಳಲ್ಲೂ ಸಸ್ಯಾಹಾರ ಹೊಸದಲ್ಲ. ವಿಯೆಟ್ನಾಂನ ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ, ಮೀನು ಮುಟ್ಟುವುದಿಲ್ಲ. ನಮ್ಮ ಅಮಾವಾಸ್ಯೆ, ಹುಣ್ಣಿಮೆ ಇದ್ದ ಹಾಗೆ ಅಲ್ವಾ? ಆ ದಿನ ಸೋಯಾ ಸಾಸ್, ಅಣಬೆಯ ಸಾರು ಹಾಕಿ ಅಡುಗೆ ಮಾಡುತ್ತಾರೆ. ಥಾಯ್ಲೆಂಡಿನಲ್ಲಿ 'ಜೇ' ಎಂಬ ಸಸ್ಯಾಹಾರಿ ಊಟದಲ್ಲಿ ಬೆಳ್ಳುಳ್ಳಿಯೂ ಇರುವುದಿಲ್ಲ.

ಎರಡನೆಯ ಸಲ ನಾನು ಬೇರೆ ಹೋಟೆಲಿಗೆ ಹೋದೆ, ಎಲ್ಲ ಕೇಳಿಕೊಂಡೇ ಹೋದೆ. ಅವತ್ತು ನನಗೆ ತಿಳಿದದ್ದು ಇದು: ನಮ್ಮ ಕಡೆಯ ಹಿರಿಯರಿಗೆ ಬರ್ಮಾದಿಂದ ಶುರು ಮಾಡಬೇಕು. ಥಾಯ್ ಆಮೇಲೆ. ಯಾಕೆಂದರೆ ಬರ್ಮಾ ಅಡುಗೆಯಲ್ಲಿ ಕಡಲೆ ಹಿಟ್ಟು ಇದೆ, ಶೇಂಗಾ ಇದೆ, ಪುಂಡಿ ಸೊಪ್ಪೂ ಇದೆ! ಹೌದು, ನಮ್ಮ ಪುಂಡಿಯಂಥದೇ ಹುಳಿ ಸೊಪ್ಪು. ಅಲ್ಲಿ 'ಚಿನ್ ಬೌಂಗ್' ಅನ್ನುತ್ತಾರೆ, ಕಳಲೆ ಹಾಕಿ ಹುರಿಯುತ್ತಾರೆ. ನಾವು ಹೋದ ಕಡೆ ಅದನ್ನು ಅಂಗೈಯಷ್ಟಗಲದ ಜೋಳದ ರೊಟ್ಟಿಯ ಮೇಲೆ ಇಟ್ಟು ಕೊಟ್ಟರು. ಬೆರೆಸಿದ ಅಡುಗೆ ಎಂದರೆ ಹೀಗಿರಬೇಕು ಅನ್ನಿಸಿತು. ಅವ್ವ ಎರಡನೆಯದಕ್ಕೆ ತಾನೇ ಕೈ ಹಾಕಿದಳು.

ಬರ್ಮಾದ ಶಾನ್ ಪ್ರಾಂತ್ಯದ ತೋಫು ಇದ್ದರೆ ಬಿಡಬೇಡಿ. ತೋಫು ಎಂದರೆ ಸೋಯಾದ್ದು ಎಂದುಕೊಳ್ಳುತ್ತೇವೆ. ಇದು ಕಡಲೆ ಹಿಟ್ಟನ್ನು ನೀರಿನಲ್ಲಿ ಕುದಿಸಿ, ತಿರುವಿ, ತಟ್ಟೆಗೆ ಸುರಿದು ಗಟ್ಟಿ ಮಾಡಿ ಕತ್ತರಿಸಿದ್ದು. ನಮ್ಮ ಜುಣಕದ ವಡಿಯ ಹತ್ತಿರದ ನೆಂಟ. ಅವ್ವ ನೋಡಿದ ಕೂಡಲೇ "ಇದು ಜುಣಕದ ವಡಿನೇ" ಎಂದು ನಕ್ಕಳು.

ಊಟದ ಮುಖ್ಯ ಪದಾರ್ಥವಾಗಿ ಖಾವ್ ಸ್ವೇ ಹೇಳಿ. ತೆಂಗಿನ ಹಾಲಿನ ಸಾರಿಗೆ ಕಡಲೆ ಹಿಟ್ಟು ಹಚ್ಚಿ ಮಂದ ಮಾಡಿ, ಅದರಲ್ಲಿ ನೂಡಲ್ಸ್ ಬಿಟ್ಟಿರುತ್ತಾರೆ. ಬರ್ಮಾದಲ್ಲಿ ಕೋಳಿ ಹಾಕುತ್ತಾರೆ, ನಮ್ಮಲ್ಲಿ ತರಕಾರಿಯದು ಸುಲಭವಾಗಿ ಸಿಗುತ್ತದೆ. ನೂಡಲ್ಸಿಗೆ ಮೊಟ್ಟೆ ಹಾಕಿದೆಯೇ ಎಂದು ಕೇಳಿಕೊಳ್ಳಿ. 1962ರಲ್ಲಿ ಬರ್ಮಾದಲ್ಲಿ ಮಿಲಿಟರಿ ಆಡಳಿತ ಬಂದ ಮೇಲೆ ಲಕ್ಷಾಂತರ ಭಾರತೀಯರು ಬಿಟ್ಟು ಬರಬೇಕಾಯಿತು. ಹಾಗೆ ಬಂದವರ ಜೊತೆ ಬಂದ ರುಚಿ ಇದು. ಪಕ್ಕದಲ್ಲಿ ಸಣ್ಣ ಬಟ್ಟಲುಗಳಲ್ಲಿ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಶೇಂಗಾ, ಖಾರದ ಪುಡಿ, ನಿಂಬೆಹಣ್ಣು ಇಡುತ್ತಾರೆ. ಯಾರಿಗೆ ಬೇಕಾದ್ದು ಅವರು ಕಲಸಿಕೊಳ್ಳುವುದು. ಒಗ್ಗರಣೆ, ಮಿರ್ಚಿ ತಿಂದು ಬೆಳೆದ ನಮ್ಮವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಥಾಯ್ ಪದಾರ್ಥಗಳಲ್ಲಿ ಒಂದು ಎಚ್ಚರ. ಖಾರದ ಬಗ್ಗೆ ನಮ್ಮ ಹಿರಿಯರು ಹೆದರುವವರಲ್ಲ, ಅವರಿಗೆ ಆಗದಿರುವುದು ಸಿಹಿ. ಪ್ಯಾಡ್ ಥಾಯ್‌ನಲ್ಲಿ ಹುಣಸೆಯ ಜೊತೆ ಬೆಲ್ಲ ಬೀಳುತ್ತದೆ, ಇಲ್ಲಿನ ಹೋಟೆಲುಗಳಲ್ಲಿ ಇನ್ನೂ ಜಾಸ್ತಿ. ಸಿಹಿ ಕಡಿಮೆ ಮಾಡಿ ಎಂದು ಮೊದಲೇ ಹೇಳಿ. ಟಾಮ್ ಯಮ್ ಸೂಪಿನಲ್ಲಿ ಮಜ್ಜಿಗೆ ಹುಲ್ಲಿನ ತುಂಡು, ನಿಂಬೆ ಜಾತಿಯ ಎಲೆ ತೇಲುತ್ತಿರುತ್ತವೆ. ಅವು ಬರೀ ಘಮಕ್ಕೆ. ಪಕ್ಕಕ್ಕೆ ತೆಗೆದಿಡಲು ಹೇಳಿ, ಇಲ್ಲದಿದ್ದರೆ ಅಪ್ಪ ಅಗಿಯುತ್ತಾ ಕೂರುತ್ತಾರೆ. ಪನೀರ್ ಹಾಕಿದ ಗ್ರೀನ್ ಕರಿ, ಶೆಜ್ವಾನ್ ಹೆಸರಿನ ಯಾವುದೇ ಅಡುಗೆ ನನ್ನ ಪ್ರಕಾರ ದಂಡ. ಅವು ಊರಲ್ಲಿ ಎಲ್ಲೆಡೆ ಸಿಗುತ್ತವೆ.

ಇನ್ನು ಕೈ. ಮೊದಲನೆಯ ಸಲ ಅವ್ವನ ಮುಂದೆ ಊಟಕ್ಕೆ ಎರಡು ಕಡ್ಡಿ (ಚಾಪ್‌ಸ್ಟಿಕ್) ಇಟ್ಟಿದ್ದರು, ಪಾಪ, ಹೇಗೆ ಹಿಡಿಯುವುದೆಂದು ನನ್ನನ್ನೇ ನೋಡುತ್ತಿದ್ದಳು. ಥಾಯ್ಲೆಂಡಿನಲ್ಲಿ ಅನ್ನವನ್ನು ಚಮಚದಲ್ಲೇ ತಿನ್ನುತ್ತಾರೆ. ಇಂಡೊನೇಷ್ಯಾ, ಮಲೇಷ್ಯಾದಲ್ಲಿ ಕೈಯಲ್ಲಿ ಕಲಸಿ ತಿನ್ನುವವರು ಬೇಕಾದಷ್ಟು ಜನ. ಇದನ್ನು ಕುಳಿತ ತಕ್ಷಣ ಹೇಳಿಬಿಡಿ. ಎರಡನೆಯ ಸಲ ನಾನೇ ಮೊದಲು ಕೈ ಹಾಕಿ ಕಲಸಿದೆ. ಅವ್ವನ ಭುಜ ಸಡಿಲವಾದದ್ದು ನನಗೆ ಕಂಡಿತು. ಒಬ್ಬೊಬ್ಬರಿಗೆ ಒಂದೊಂದು ಬೇಡ. ಎಲ್ಲವನ್ನೂ ಒಟ್ಟಿಗೆ ತರಿಸಿ ನಡುವೆ ಇಟ್ಟು, ಪ್ರತಿಯೊಬ್ಬರಿಗೂ ಅನ್ನ ಬಡಿಸಿಕೊಳ್ಳಿ. ಅಲ್ಲಿಯವರು ಉಣ್ಣುವುದೂ ಹಾಗೇ. ನಾವು ಐದು ಜನಕ್ಕೆ 2,600 ರೂಪಾಯಿ ಆಯಿತು.

ಅಪ್ಪನ ಅನ್ನದ ವಿಷಯ. ಇಂಥ ಕಡೆ ಕೊಡುವ ಜಾಸ್ಮಿನ್ ಅಕ್ಕಿ ಸ್ವಲ್ಪ ಅಂಟಂಟು. ನಮ್ಮ ಅಪ್ಪ ಸಿರುಗುಪ್ಪದ ಕಡೆ ಕಾಲುವೆ ನೀರಿನಲ್ಲಿ ನಲವತ್ತು ವರ್ಷ ಭತ್ತ ಬೆಳೆದವರು. ಎರಡು ಬೆರಳಲ್ಲಿ ಒತ್ತಿ ನೋಡಿ, "ಇದು ನಮ್ಮ ಸೋನಾ ಅಲ್ಲ" ಎಂದರು. ಆದರೂ ಉಂಡರು. ನಿಮ್ಮ ಅಪ್ಪನಿಗೆ ಆಗದಿದ್ದರೆ ಸೋನಾ ಮಸೂರಿ ಅನ್ನ ಇದೆಯಾ ಎಂದು ಕೇಳಿ, ಬಹುಪಾಲು ಕಡೆ ಸಿಬ್ಬಂದಿಯ ಊಟಕ್ಕೆ ಮಾಡಿರುತ್ತಾರೆ.

ಕೊನೆಗೆ ಮಾವಿನಹಣ್ಣಿನ ಜೊತೆ ಅಂಟಕ್ಕಿ ತರಿಸಿ. ಆವಿಯಲ್ಲಿ ಬೆಂದ ಅಕ್ಕಿ, ಮೇಲೆ ಉಪ್ಪು ಬೆರೆತ ತೆಂಗಿನ ಹಾಲು. ಅಪ್ಪನಿಗೆ ಆ ಅಕ್ಕಿಯ ಮೇಲೆ ಕಣ್ಣು ಬಿತ್ತು. ಬಡಿಸುವ ಹುಡುಗ ಮಣಿಪುರದವನು. ಎಷ್ಟು ತಿಂಗಳ ಬೆಳೆ, ನೀರು ಎಷ್ಟು ಬೇಕು ಎಂದು ಅಪ್ಪ ತಮಗೆ ಬಂದಷ್ಟು ಹಿಂದಿಯಲ್ಲಿ ಕೇಳಿದರು. ಅವನು ತಮ್ಮ ಊರಲ್ಲಿ ಕಪ್ಪು ಬಣ್ಣದ ಅಂಟಕ್ಕಿ ಬೆಳೆಯುತ್ತಾರೆ, ಚಾಕ್-ಹಾವ್ ಅದರ ಹೆಸರು ಎಂದು ಹೇಳುತ್ತಾ ನಿಂತುಬಿಟ್ಟ. ಆಮೇಲೆ ಒಳಗೆ ಹೋಗಿ ಒಂದು ಹಿಡಿ ಬಿಳಿ ಅಂಟಕ್ಕಿ ತಂದು ಕೊಟ್ಟ. ಅಪ್ಪ ಅದನ್ನು ವಲ್ಲಿಯ ತುದಿಗೆ ಗಂಟು ಹಾಕಿಕೊಂಡರು.