ಓಡಿದರೆ ಪಕ್ಕೆಗೆ ಹೊಲಿಗೆ ಬೀಳುತ್ತಾ?

ಪ್ರಶ್ನೆ: ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹುಡುಗನೊಬ್ಬ ಓಡಿ ಓಡಿ ನಿಲ್ಲುತ್ತಾನೆ. ಅವನಿಗೆ 'ಎ ಸ್ಟಿಚ್ ಇನ್ ಹಿಸ್ ಸೈಡ್' ಅಂತ ಬರೆದಿದೆ. 'ಪಕ್ಕೆಗೆ ಒಂದು ಹೊಲಿಗೆ ಬಿದ್ದಿತ್ತು' ಎಂದು ಬರೆದೆ. ಆದರೆ ಅವನಿಗೆ ಗಾಯವೇ ಆಗಿಲ್ಲ! ಮುಂದಿನ ಪುಟದಲ್ಲಿ ಅವನ ತಂಗಿ 'ಇನ್ ಸ್ಟಿಚಸ್' ಆಗಿದ್ದಾಳೆ. ಇದೇನು?

ಉತ್ತರ: ಮೊದಲು ಆ ಹೊಲಿಗೆ ಬಿಚ್ಚಿಬಿಡಿ. ಹುಡುಗನಿಗೆ ಆಗಿರುವುದು ನೋವು. ಜೋರಾಗಿ ಓಡಿದಾಗ, ಅದರಲ್ಲೂ ಹೊಟ್ಟೆ ತುಂಬ ತಿಂದೋ ನೀರು ಕುಡಿದೋ ಓಡಿದಾಗ, ಪಕ್ಕೆಲುಬಿನ ಕೆಳಗೆ ಚುಚ್ಚಿದ ಹಾಗೆ ಆಗುತ್ತದಲ್ಲ, ಅದೇ ಸ್ಟಿಚ್. ಸಾಮಾನ್ಯವಾಗಿ ಬಲಗಡೆ ಜಾಸ್ತಿ. ನಿಂತು, ಮುಂದಕ್ಕೆ ಬಾಗಿ, ಕೈಯಿಂದ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ಬಿಡುತ್ತದೆ. ನಾವು 'ಪಕ್ಕೆ ಹಿಡ್ಕೊಂಡಿತು' ಅನ್ನುತ್ತೇವೆ, 'ಚಳುಕು' ಅನ್ನುತ್ತೇವೆ. 'ಅವನ ಪಕ್ಕೆಯಲ್ಲಿ ಚಳುಕು ಹಿಡಿಯಿತು' ಎಂದರೆ ಮುಗೀತು.

ಹೊಲಿಗೆಯ ಪದ ನೋವಿಗೆ ಹೇಗೆ ಬಂತು ಅಂತ ನಿಮಗೆ ಅನಿಸಿರಬಹುದು. ನಿಜದಲ್ಲಿ ಉಲ್ಟಾ. ನೋವೇ ಮೊದಲು. ಹಳೆಯ ಇಂಗ್ಲಿಷಿನಲ್ಲಿ 'ಸ್ಟಿಚೆ' ಎಂದರೆ ಚುಚ್ಚು, ಇರಿತ, ಚುಚ್ಚಿದಂಥ ನೋವು. ಬಟ್ಟೆ ಹೊಲಿಯುವ ಅರ್ಥ ಬಂದದ್ದು ಆಮೇಲೆ. ಸೂಜಿಯೂ ಚುಚ್ಚುತ್ತದೆ ಅಲ್ವಾ? ಜರ್ಮನ್ ಭಾಷೆಯ 'ಶ್ಟಿಖ್' ಇದಕ್ಕೆ ನೆಂಟ. ಅವರು ಸೊಳ್ಳೆ ಕಡಿತಕ್ಕೂ ಅದನ್ನೇ ಹೇಳುತ್ತಾರೆ, ಸೂಜಿಯ ಹೊಲಿಗೆಗೂ ಅದನ್ನೇ.

ಸುಮಾರು 1000 ವರ್ಷ ಹಳೆಯ ಇಂಗ್ಲಿಷ್ ಮಂತ್ರವೊಂದಿದೆ, ಇದ್ದಕ್ಕಿದ್ದಂತೆ ಬರುವ ಸ್ಟಿಚ್ ಹೋಗಲಾಡಿಸೋಕೆ. ಕೆಲವು ಗಿಡಮೂಲಿಕೆಗಳನ್ನು ಬೆಣ್ಣೆಯಲ್ಲಿ ಕುದಿಸಬೇಕು. ಆಮೇಲೆ ಹಾಡಬೇಕು: ಬಲಶಾಲಿ ಹೆಂಗಸರು ಕೂಗುತ್ತಾ ಬಂದು ಈಟಿ ಎಸೆದಿದ್ದಾರೆ, 'ಪುಟ್ಟ ಈಟಿಯೇ, ಒಳಗಿದ್ದರೆ ಹೊರಗೆ ಬಾ'. ಪಕ್ಕೆ ಹಿಡಿದುಕೊಂಡವರಿಗೆ ಈ ಹೋಲಿಕೆ ಎಷ್ಟು ಸರಿ ಅಂತ ಗೊತ್ತು. ಕಣ್ಣಿಗೆ ಕಾಣದ ಯಾವುದೋ ಮೊನೆ ಒಳಗೆ ಸಿಕ್ಕಿಕೊಂಡ ಹಾಗೇ ಇರುತ್ತದೆ.

ಇನ್ನು ತಂಗಿಯ ವಿಷಯ. ಅವಳು ನಗುತ್ತಿದ್ದಾಳೆ, ಅಷ್ಟೆ. ನಕ್ಕು ನಕ್ಕು ಪಕ್ಕೆ ನೋವು ಬರುವುದನ್ನೇ ಅವರು 'ಇನ್ ಸ್ಟಿಚಸ್' ಅನ್ನುವುದು. ಷೇಕ್ಸ್‌ಪಿಯರ್ 'ಟ್ವೆಲ್ತ್ ನೈಟ್' ನಾಟಕದಲ್ಲೇ ಇದನ್ನು ಬಳಸಿದ್ದಾನೆ. 'ಹೊಟ್ಟೆ ಹುಣ್ಣಾಗುವಂತೆ ನಕ್ಕಳು' ಎಂದು ಬರೆಯಿರಿ. ಅವರಿಗೆ ಪಕ್ಕೆ, ನಮಗೆ ಹೊಟ್ಟೆ. ನಮ್ಮದೇ ಸ್ವಲ್ಪ ಜೋರು ಅಂತ ನನ್ನ ಅನಿಸಿಕೆ.

ಗೊಂದಲವಾದಾಗ ಪಕ್ಕದ ಪದ ನೋಡಿ. ಒಂದೇ ಸ್ಟಿಚ್, ಜೊತೆಗೆ 'ಸೈಡ್' ಇದ್ದರೆ ಹೆಚ್ಚಾಗಿ ನೋವು. ಐದು, ಆರು ಎಂದು ಲೆಕ್ಕ ಇದ್ದು, ಹಾಕುವುದು ಬಿಚ್ಚುವುದು ಬಂದರೆ ಡಾಕ್ಟರ ಹೊಲಿಗೆ. ಉಲ್ಲನ್ ಹೆಣಿಗೆಯ ಮಾತಾದರೆ ಕಡ್ಡಿಯ ಮೇಲಿನ ಒಂದೊಂದು ಕುಣಿಕೆಯೂ ಸ್ಟಿಚ್. ಮೈಮೇಲೆ 'ನಾಟ್ ಎ ಸ್ಟಿಚ್' ಎಂದರೆ ಒಂದೆಳೆ ನೂಲೂ ಇಲ್ಲ ಅಂತ. 'ಎ ಸ್ಟಿಚ್ ಇನ್ ಟೈಮ್' ಗಾದೆಯಲ್ಲಿ ಮಾತ್ರ ನಿಜವಾದ ಸೂಜಿ ದಾರ: ಹರಕು ಚಿಕ್ಕದಿರುವಾಗಲೇ ಒಂದು ಹೊಲಿಗೆ ಹಾಕಿದರೆ ಮುಂದೆ ಒಂಬತ್ತು ಹಾಕುವುದು ತಪ್ಪುತ್ತದೆ.

ಒಂದು ಕಡೆ ಮಾತ್ರ ಹುಷಾರಾಗಿರಿ. ಬ್ರಿಟಿಷರ ಆಡುಮಾತಿನಲ್ಲಿ ಯಾರನ್ನಾದರೂ 'ಸ್ಟಿಚ್ ಅಪ್' ಮಾಡುವುದೆಂದರೆ ಮಾಡದ ತಪ್ಪಿಗೆ ಅವರನ್ನು ಸಿಕ್ಕಿಹಾಕಿಸುವುದು. ಕಥೆಯಲ್ಲಿ ಮುಂದೆ ಯಾರಾದರೂ ನಿಮ್ಮ ಹುಡುಗನಿಗೆ ಹಾಗೆ ಮಾಡಿದರೆ, ಮಾಡಿದವರು ಡಾಕ್ಟರೋ ಅಲ್ವೋ ಅಂತ ನೋಡಿಕೊಂಡು ಬರೆಯಿರಿ.