ಅಜ್ಜನ ಕಾಲದ ರೈಫಲ್ ಸಾಕೇ, ಹೊಸದು ಬೇಕೇ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರ, ವಯಸ್ಸು 34. ಒಂದು ವರ್ಷದಿಂದ, ಬೆಂಗಳೂರಿಗೆ ಹೋದಾಗಲೆಲ್ಲ ರೇಂಜಿನಲ್ಲಿ 50 ಮೀಟರ್ ಪ್ರೋನ್ (ಮಲಗಿ ಗುರಿಯಿಡುವ) ಅಭ್ಯಾಸ ಮಾಡುತ್ತಿದ್ದೇನೆ. ಮನೆಯಲ್ಲಿ ಅಜ್ಜನ ಕಾಲದ ಬ್ರನೋ ಮಾಡೆಲ್ 2, ಪಾಯಿಂಟ್ 22 ಬೋಲ್ಟ್ ಆಕ್ಷನ್ ರೈಫಲ್ ಇದ್ದು, ತಂದೆಯವರ ನಂತರ ಪರವಾನಗಿ ನನ್ನ ಹೆಸರಿಗೆ ಆಗಿದೆ. ಸ್ಪರ್ಧೆಗೆ ಇದು ಸಾಕೇ? ಸ್ಪರ್ಧೆಗೆಂದೇ ಮಾಡಿದ ಹೊಸ ಮ್ಯಾಚ್ ರೈಫಲ್ ಕೊಳ್ಳುವುದಾದರೆ ಏನನ್ನು ನೋಡಿ ಆರಿಸಬೇಕು? ದೊಡ್ಡ ಕ್ಯಾಲಿಬರಿನ (ನಳಿಗೆಯ ಒಳ ವ್ಯಾಸದ) ಪಾಯಿಂಟ್ 315 ಹೆಚ್ಚು ನಿಖರವೆಂದು ಸ್ನೇಹಿತರು ಹೇಳುತ್ತಾರೆ, ನಿಜವೇ?

ಉತ್ತರ: ರೈಫಲ್ಲಿನ ಹೆಸರಿಗೆ ಬರುವ ಮೊದಲು ಗುರಿಪಟದ ಅಳತೆಯನ್ನು ನೋಡೋಣ. 50 ಮೀಟರ್ ಸ್ಪರ್ಧೆಯ ಗುರಿಪಟದಲ್ಲಿ ಹತ್ತರ ವೃತ್ತದ ವ್ಯಾಸ 10.4 ಮಿ.ಮೀ.; ನಿಮ್ಮ ತೋಟದ ಹಣ್ಣಾದ ಕಾಫಿಗಿಂತಲೂ ಚಿಕ್ಕದು. ಗುಂಡಿನ ವ್ಯಾಸ 5.6 ಮಿ.ಮೀ. ಇರುವುದರಿಂದ, ಮತ್ತು ಗುಂಡಿನ ಅಂಚು ವೃತ್ತವನ್ನು ಮುಟ್ಟಿದರೂ ಹತ್ತು ಅಂಕ ಸಿಗುವುದರಿಂದ, ಗುಂಡಿನ ನಡುಬಿಂದು ಬೀಳಬಹುದಾದ ಜಾಗ 16 ಮಿ.ಮೀ. ಅಗಲದ್ದಾಗುತ್ತದೆ. ರೈಫಲ್ ತಾನೇ ಆ 16 ಮಿ.ಮೀ. ತುಂಬ ಗುಂಡುಗಳನ್ನು ಹರಡಿದರೆ ನಿಮ್ಮ ಉಸಿರಿಗೆ, ನಾಡಿಬಡಿತಕ್ಕೆ, ರೇಂಜಿನ ಗಾಳಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ನಾನು ಇಟ್ಟುಕೊಂಡಿರುವ ಲೆಕ್ಕ ಇದು: ಮರಳುಚೀಲದ ಮೇಲೆ ಊರಿ ಹೊಡೆದ ಹತ್ತು ಗುಂಡುಗಳು, ನಡುವಿನಿಂದ ನಡುವಿಗೆ ಅಳೆದರೆ, 10 ಮಿ.ಮೀ. ಆಸುಪಾಸಿನಲ್ಲಿ ಕೂರಬೇಕು.

ನಿಮ್ಮ ಬ್ರನೋವನ್ನು ಈ ಅಳತೆಗೋಲಿಗೆ ಒಡ್ಡಿ ನೋಡದೆ ಹೊಸದಕ್ಕೆ ಹಣ ಹಾಕಬೇಡಿ. ಪರವಾನಗಿಯನ್ನು ಜೊತೆಗಿಟ್ಟುಕೊಂಡು ರೈಫಲ್ಲನ್ನು ಅನುಮತಿ ಪಡೆದ ರೇಂಜಿಗೆ ಒಯ್ದು, ಮುಂದೆ ಮತ್ತು ಹಿಂದೆ ಮರಳುಚೀಲ ಕೊಟ್ಟು, ಗಾಳಿಯಿಲ್ಲದ ಬೆಳಗಿನ ಹೊತ್ತಿನಲ್ಲಿ ಹತ್ತು ಗುಂಡುಗಳಂತೆ ಐದು ಸುತ್ತು ಹೊಡೆಯಿರಿ. ನಳಿಗೆ ಒರೆಸಿದ ಮೇಲಿನ ಮೊದಲ ಕೆಲವು ಗುಂಡುಗಳು ಬೇರೆಡೆ ಬೀಳುವುದು ಸಹಜ. ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 5.6 ಕಳೆದರೆ ಗ್ರೂಪಿಂಗಿನ, ಎಂದರೆ ಗುಂಡುಗಳು ಹರಡಿದ ಅಗಲದ, ಅಳತೆ ಸಿಗುತ್ತದೆ. ಮೂರು ಅಥವಾ ಐದು ಗುಂಡುಗಳ ಗ್ರೂಪ್ ತೋರಿಸಿ ರೈಫಲ್ ಮಾರುವವರನ್ನು ನಂಬಬೇಡಿ, ಏಕೆಂದರೆ ಮೂರು ಗುಂಡುಗಳು ಒಂದೇ ತೂತಿನಲ್ಲಿ ಹೋಗುವುದು ಸಾಧಾರಣ ರೈಫಲ್ಲಿನಲ್ಲೂ ಆಗಾಗ ಆಗುವ ಸಂಗತಿ. ಹತ್ತು ಗುಂಡುಗಳು ಮಾತ್ರ ನಿಜ ಹೇಳುತ್ತವೆ.

ಈ ಪರೀಕ್ಷೆಯನ್ನು ಒಂದೇ ಬಗೆಯ ತೋಟಾದಿಂದ ಮಾಡಿ ಮುಗಿಸಿದರೆ ರೈಫಲ್ಲಿಗೆ ಅನ್ಯಾಯವಾಗುತ್ತದೆ. ಮ್ಯಾಚ್ ತೋಟಾಗಳಲ್ಲಿ 40 ಗ್ರೇನ್, ಎಂದರೆ ಸುಮಾರು 2.6 ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ 320-330 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೆ ಅದನ್ನು ಬೇಕೆಂದೇ ಇಟ್ಟಿರುತ್ತಾರೆ, ಏಕೆಂದರೆ ಶಬ್ದದ ವೇಗವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಅದಕ್ಕಿಂತ ಕೆಳಗಿಳಿಯುವಾಗ ಅಲುಗಾಡುತ್ತದೆ. ‘ಹೈ ವೆಲಾಸಿಟಿ’ ಎಂದು ಬರೆದ ಡಬ್ಬಿಗಳು ಗುರಿ ಅಭ್ಯಾಸಕ್ಕೆ ಬೇಡ ಎನ್ನುವುದು ಇದೇ ಕಾರಣಕ್ಕೆ. ಇನ್ನು ಒಂದು ತೋಟಾಕ್ಕೂ ಇನ್ನೊಂದಕ್ಕೂ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಿದ್ದರೆ, ನಿಮ್ಮ ಕೈಯಲ್ಲಿ ಯಾವ ತಪ್ಪೂ ಇಲ್ಲದೆಯೇ ಗುಂಡು 50 ಮೀಟರಿನಲ್ಲಿ ಸುಮಾರು 8 ಮಿ.ಮೀ. ಮೇಲೆ ಅಥವಾ ಕೆಳಗೆ ಬೀಳುತ್ತದೆ. ಗ್ರೂಪ್ ಮೇಲಿನಿಂದ ಕೆಳಕ್ಕೆ ಗೆರೆ ಎಳೆದಂತೆ ಬಂದರೆ ಮೊದಲು ತೋಟಾವನ್ನು ಬದಲಿಸಿ ನೋಡಬೇಕು. ಈಲಿ, ಲಪುವಾ, ಆರ್‌ಡಬ್ಲ್ಯುಎಸ್, ಎಸ್‌ಕೆ ಈ ಕಂಪನಿಗಳ ತೋಟಾಗಳಲ್ಲಿ ಸಿಕ್ಕಿದ್ದನ್ನು ಒಂದೊಂದು ಡಬ್ಬಿ ತಂದು ಪರೀಕ್ಷಿಸಿ. ಒಂದು ನಳಿಗೆಗೆ ಒಗ್ಗಿದ್ದು ಪಕ್ಕದ ನಳಿಗೆಗೆ ಒಗ್ಗುವುದಿಲ್ಲ. ಅದೇ ಕಂಪನಿಯ ಅದೇ ಹೆಸರಿನ ತೋಟಾ ಕೂಡ ಲಾಟ್ (ಒಂದೇ ಸಲ ತಯಾರಾದ ಕಂತು) ಬದಲಾದರೆ ಬೇರೆ ನಡತೆ ತೋರಿಸುತ್ತದೆ. ಆದ್ದರಿಂದ ಒಗ್ಗಿದ ಲಾಟಿನ ನಂಬರ್ ಬರೆದಿಟ್ಟುಕೊಂಡು, ಪರವಾನಗಿಯಲ್ಲಿ ನಮೂದಾದ ಮಿತಿಯೊಳಗೆ ಅದನ್ನೇ ಕೊಂಡಿಡುವುದು ಜಾಣತನ.

ತೋಟಾ ಬದಲಿಸಿದರೂ ಗ್ರೂಪ್ ಎರಡು ಗುಂಪಾಗಿ ಒಡೆಯುತ್ತಿದ್ದರೆ ರೈಫಲ್ಲಿನ ಲೋಹ ಮರದಲ್ಲಿ ಸರಿಯಾಗಿ ಕೂತಿಲ್ಲವೆಂದು ಅನುಮಾನಿಸಬೇಕು. ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಒಮ್ಮೆ ಇಂಥದೇ ಹಳೆಯ ರೈಫಲ್ ತಂದು, ಬೇಸಿಗೆಯಲ್ಲಿ ಚೆನ್ನಾಗಿ ಹೊಡೆಯುತ್ತಿದ್ದದ್ದು ಆಗಸ್ಟ್ ಬಂದರೆ ಮೇಲಕ್ಕೆ ಎಸೆಯುತ್ತದೆ ಎಂದು ದೂರಿದ್ದರು. ನಳಿಗೆಗೂ ಸ್ಟಾಕಿನ (ರೈಫಲ್ಲಿನ ಮರದ ಭಾಗದ) ಮುಂಭಾಗಕ್ಕೂ ನಡುವೆ ಹತ್ತು ರೂಪಾಯಿಯ ನೋಟು ತೂರಿಸಿ ಹಿಂದಕ್ಕೆ ಎಳೆದು ನೋಡಿದೆ. ನಾಲ್ಕು ಬೆರಳಗಲ ಬಂದು ನಿಂತಿತು. ಮಳೆಗಾಲದ ತೇವಕ್ಕೆ ಅಕ್ರೋಟು ಮರ ಉಬ್ಬಿ ನಳಿಗೆಯನ್ನು ಕೆಳಗಿನಿಂದ ಒತ್ತುತ್ತಿತ್ತು. ಒತ್ತುವ ಜಾಗವನ್ನು ನಾಜೂಕಾಗಿ ಕೆರೆದು, ಒಳಮೈಗೆ ತೇವ ಹಿಡಿಯದಂತೆ ಎಣ್ಣೆ ಕುಡಿಸಿ, ಲೋಹವನ್ನು ಮರಕ್ಕೆ ಬಿಗಿಯುವ ಆಕ್ಷನ್ ಸ್ಕ್ರೂಗಳನ್ನು ಪ್ರತಿಸಲ ಒಂದೇ ಬಿಗಿಗೆ ತಿರುಗಿಸುವ ಅಭ್ಯಾಸ ಮಾಡಿಕೊಂಡ ಮೇಲೆ ಆ ದೂರು ಹೋಯಿತು. ನಮ್ಮ ಮಲೆನಾಡಿನಲ್ಲಿ ಇದು ಎಲ್ಲಕ್ಕಿಂತ ಮೊದಲು ನೋಡಬೇಕಾದ ವಿಷಯ. ಎರಡನೆಯದು ನಳಿಗೆಯ ಬಾಯಿ: ರೈಫಲ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಬೋಲ್ಟ್ ಹೊರತೆಗೆದು, ಕಿವಿಗೆ ಬಳಸುವ ಹತ್ತಿಕಡ್ಡಿಯನ್ನು ಬಾಯಿಯ ಅಂಚಿನ ಸುತ್ತ ಒಳಗಿನಿಂದ ಹೊರಕ್ಕೆ ಎಳೆಯಿರಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟಾಗಿದೆ. ಹಿಂದಿನವರು ಬಾಯಿಯ ಕಡೆಯಿಂದಲೇ ಸಲಾಕೆ ಹಾಕಿ ಒರೆಸುತ್ತಿದ್ದುದರಿಂದ ಹಳೆಯ ರೈಫಲ್ಲುಗಳು ಹೆಚ್ಚಾಗಿ ಸವೆದಿರುವುದು ಇಲ್ಲಿಯೇ. ಸಮರ್ಥ ಗನ್‌ಸ್ಮಿತ್ ಇದನ್ನು ಹೊಸದಾಗಿ ಕಡೆದು ಸರಿಪಡಿಸಬಲ್ಲರು.

ಇಷ್ಟಾದ ಮೇಲೆ ನಿಮ್ಮ ಬ್ರನೋದ ನಳಿಗೆ ನಿಮಗೆ ಸಂತೋಷವನ್ನೇ ಕೊಡಬಹುದು ಎಂದು ನನ್ನ ನಂಬಿಕೆ. ಅದರ ಕೊರತೆ ಇರುವುದು ಬೇರೆಡೆ. ಸುಮಾರು 3 ಕಿಲೋ ತೂಕದ, ಬೇಟೆಗೆಂದು ಮಾಡಿದ ಆ ರೈಫಲ್ಲಿನ ಟ್ರಿಗರ್ ಗಟ್ಟಿ. ಮ್ಯಾಚ್ ರೈಫಲ್ಲಿನ ಎರಡು ಹಂತದ ಟ್ರಿಗರ್ ಸುಮಾರು 100 ಗ್ರಾಂ ಒತ್ತಡಕ್ಕೇ ಬಿಡುಗಡೆಯಾಗುತ್ತದೆ. ಮ್ಯಾಚ್ ರೈಫಲ್ಲಿನಲ್ಲಿ ಕೆನ್ನೆಯ ಹಲಗೆ, ಭುಜಕ್ಕೆ ಊರುವ ತಟ್ಟೆ, ಕೈ ಆನಿಕೆ ಎಲ್ಲವನ್ನೂ ಮೈಗೆ ತಕ್ಕಂತೆ ಸರಿಸಬಹುದು. ಕಣ್ಣು ತಾನಾಗಿ ಹಿಂದಿನ ಸೂಕ್ಷ್ಮರಂಧ್ರದ ನಡುವೆ ಬಂದು ನಿಲ್ಲುತ್ತದೆ. ಬ್ರನೋದಲ್ಲಿ ಪ್ರತಿಸಲವೂ ನೀವೇ ಕುತ್ತಿಗೆ ಹೊಂದಿಸಿಕೊಳ್ಳಬೇಕು, 60 ಗುಂಡುಗಳ ಸ್ಪರ್ಧೆಯಲ್ಲಿ ನಲವತ್ತನೆಯದಕ್ಕೆ ಅದು ದಣಿಯುತ್ತದೆ. ಟ್ರಿಗರ್ ಹಗುರ ಮಾಡಲು ಒಳಗಿನ ಕೊಕ್ಕೆಯನ್ನು ಅರದಿಂದ ಉಜ್ಜಲು ಯಾರಿಗೂ ಬಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ: ಹಾಗೆ ಉಜ್ಜಿದ ರೈಫಲ್ಲಿನಿಂದ ಬೋಲ್ಟ್ ಮುಚ್ಚಿದ ಏಟಿಗೇ ಗುಂಡು ಹಾರಬಹುದು.

ಆದ್ದರಿಂದ ಇನ್ನೊಂದು ವರ್ಷ ಬ್ರನೋದಲ್ಲೇ ಕಲಿಯಿರಿ, ಅಂಕಗಳನ್ನು ಬರೆದಿಡಿ, ಆಮೇಲೆ ಮ್ಯಾಚ್ ರೈಫಲ್ ನೋಡಿ. ಜರ್ಮನಿಯ ಉಲ್ಮ್ ನಗರದ ಆನ್‌ಶೂಟ್ಜ್ ಮತ್ತು ವಾಲ್ಥರ್ ನಮ್ಮ ರೇಂಜುಗಳಲ್ಲಿ ಹೆಚ್ಚು ಕಾಣುವ ಹೆಸರುಗಳು. ಆನ್‌ಶೂಟ್ಜ್‌ನಲ್ಲಿ ‘54’ ಆಕ್ಷನ್ನಿನದು (ಆಕ್ಷನ್ ಎಂದರೆ ಬೋಲ್ಟ್ ಕೂರುವ ಯಂತ್ರಭಾಗ) ಸ್ಪರ್ಧೆಯ ರೈಫಲ್, ‘64’ ಆಕ್ಷನ್ನಿನದು ಅದಕ್ಕಿಂತ ಅಗ್ಗದ್ದು. ಹೊಸ 64ಕ್ಕಿಂತ ಚೆನ್ನಾಗಿ ನೋಡಿಕೊಂಡ ಹಳೆಯ 54 ಸಿಕ್ಕಿದರೆ ನಾನು ಅದನ್ನೇ ಆರಿಸುತ್ತೇನೆ. ಸ್ಪರ್ಧೆಯ ನಿಯಮದಂತೆ ತೂಕ 8 ಕಿಲೋ ಮೀರಬಾರದು, ದೂರದರ್ಶಕ ಬಳಸುವಂತಿಲ್ಲ. ಹೊಸದನ್ನು ವಿದೇಶದಿಂದ ತರಿಸುವ ಅವಕಾಶ ಸಾಧನೆ ತೋರಿದ ಶೂಟರುಗಳಿಗೆ ಸೀಮಿತವಾಗಿರುವುದರಿಂದ, ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ನಿನಲ್ಲಿ ಮೊದಲೇ ವಿಚಾರಿಸಿ. ಕೊಳ್ಳುವ ಮುನ್ನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಪರವಾನಗಿಗೆ ಅದು ಸೇರಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರಿಗೆ ಎರಡೇ ಬಂದೂಕುಗಳ ಮಿತಿ ಇದೆ. ತೋಟದ ಜೋಡಿ ನಳಿಗೆ ಕೋವಿ ನಿಮ್ಮಲ್ಲಿ ಇದ್ದರೆ ಈ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ.

ಪಾಯಿಂಟ್ 315 ಬಗ್ಗೆ ಸ್ನೇಹಿತರ ಮಾತು ಸರಿಯಲ್ಲ. ಗಾತ್ರ ಹೆಚ್ಚಿದಷ್ಟೂ ಏಟು ಜೋರಾಗುತ್ತದೆಯೇ ಹೊರತು ಗುರಿ ನಿಖರವಾಗುವುದಿಲ್ಲ. 50 ಮೀಟರ್ ಸ್ಪರ್ಧೆಗೆ ಅದನ್ನು ತರುವಂತೆಯೂ ಇಲ್ಲ.

ಪಾಯಿಂಟ್ 22 ಚಿಕ್ಕದೆಂದು ತೋಟದಲ್ಲಿ ಅಭ್ಯಾಸ ಮಾಡುವ ಯೋಚನೆ ಬಂದರೆ ಬಿಟ್ಟುಬಿಡಿ. ಆ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಗಿಡದ ಸಾಲುಗಳ ಮರೆಯಲ್ಲಿ ಕೆಲಸದವರು ಇದ್ದಾರೋ ಇಲ್ಲವೋ ನಿಮಗೆ ಕಾಣದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಕಡೆಯ ಮಳೆಯಲ್ಲಿ ರೇಂಜಿಗೆ ಹೋಗಲಾಗದಿದ್ದರೆ 4.5 ಮಿ.ಮೀ. ಏರ್ ರೈಫಲ್ ಇಟ್ಟುಕೊಳ್ಳಿ. 20 ಜೂಲ್ ಮೀರದ ಶಕ್ತಿಯದಕ್ಕೆ ಪರವಾನಗಿ ಬೇಕಿಲ್ಲ, ಕಾಫಿ ಗೋದಾಮಿನಲ್ಲಿ 10 ಮೀಟರ್ ಜಾಗ ಸುಲಭವಾಗಿ ಸಿಗುತ್ತದೆ. ಗುರಿಯ ಹಿಂದೆ ಗಟ್ಟಿಯಾದ ತಡೆ ಇರಲಿ, ಅಭ್ಯಾಸದ ಹೊತ್ತಿನಲ್ಲಿ ಬಾಗಿಲಿಗೆ ಒಳಗಿನಿಂದ ಚಿಲಕ ಇರಲಿ. ಆ ತಿಂಗಳುಗಳಲ್ಲಿ ಬ್ರನೋವನ್ನು ಬಟ್ಟೆಯ ಅಥವಾ ರೆಕ್ಸಿನ್ ಚೀಲದಲ್ಲಿ ಸುತ್ತಿಡದೆ, ನಳಿಗೆಗೆ ತೆಳುವಾಗಿ ಎಣ್ಣೆ ಸವರಿ, ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ನಿಲ್ಲಿಸಿ, ತೋಟಾಗಳನ್ನು ಬೇರೆ ಬೀಗದಲ್ಲಿಡಿ. ಹದಿನೈದು ದಿನಕ್ಕೊಮ್ಮೆ ಹೊರತೆಗೆದು ಬಿಳಿ ಬಟ್ಟೆಯನ್ನು ನಳಿಗೆಯೊಳಗೆ ಹಾಯಿಸಿ. ಬಟ್ಟೆಗೆ ಕಂದು ಬಣ್ಣ ಅಂಟಿದರೆ ತುಕ್ಕು ಶುರುವಾಗಿದೆ ಎಂದರ್ಥ, ಆ ದಿನವೇ ಒರೆಸಿ ಎಣ್ಣೆ ಹಾಕಿ.